ಪ್ರತಿ ವರ್ಷ ಪಾಸಾದ ಹರಿಹರದೋರು

ಹರಿಹರದೋರನ್ನು ಮಣ್ಣು ಮಾಡಿ ಬಂದು ಅವರ ಮನೆ ಮುಂದಿನ ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದೆವು. ದಾವಣಗೆರೆ ಕಡೆಯಿಂದ ಬಂದಿದ್ದ ಅವರ ಸಂಬಂಧಿಕರೊಬ್ಬರು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ, ಬೀಡಿ ಚಟ ಕೆಟ್ಟದ್ದು, ಎಂಥ ಆಳನ್ನೂ ತಿಂದುಬಿಡುತ್ತದೆ ಎಂದರು. ಅವರು ಬೀಡಿ ಮುಟ್ಟಿದವರಲ್ಲ ಎಂದೆ. ಆತ ನನ್ನನ್ನು ಕನಿಕರದಿಂದ ನೋಡಿ, "ಎಲ್ರಿಗೂ ತೋರಿಸ್ಕಂಡು ಸೇದ್ತಾರೇನ್ರೀ?" ಎಂದು ಟವೆಲು ಕೊಡವಿ ಒಳಗೆ ಹೋದರು.

ಸಾವಿನ ಮನೆಯಲ್ಲಿ ಜಗಳ ಆಡುವ ಸ್ವಭಾವ ನನ್ನದಲ್ಲ. ಸತ್ತವರೇ ಎದ್ದು ಬಂದಿದ್ದರೆ ಆಡುತ್ತಿದ್ದರು. ಕೊನೆಯ ದಿನಗಳಲ್ಲಿ ಅವರು ಬೇಡಿದ್ದು ಒಂದೇ. ಈ ಕಾಯಿಲೆ ಇವನಿಗೆ ಕೆಲಸದಿಂದ ಬಂತು, ಚಟದಿಂದಲ್ಲ ಎಂದು ಹೇಳಬೇಕಾದವರು ಯಾರಾದರೂ ಒಂದು ಸಲ ಹೇಳಲಿ ಎಂದು. ಯಾರೂ ಹೇಳಲಿಲ್ಲ. ನಾನು ಡಾಕ್ಟರಲ್ಲ, ನನ್ನ ಮಾತಿಗೆ ಬೆಲೆಯಿಲ್ಲ. ಆದರೂ ಬರೆದಿಡುತ್ತೇನೆ.

ನಮ್ಮದು ಪೀಣ್ಯ ಎರಡನೇ ಹಂತದಲ್ಲಿ ಬಾಗಿಲ ಹಿಡಿ, ಬಾತ್‌ರೂಮಿನ ನಲ್ಲಿ ಮಾಡುವ ಕಾರ್ಖಾನೆ. ಅಲ್ಲಿ ಯಾರನ್ನೂ ಹೆಸರಿಟ್ಟು ಕರೆಯುವ ರೂಢಿಯಿಲ್ಲ. ಎಲ್ಲರೂ ಎಲ್ಲಿಂದಲೋ ಬಂದವರು, ಹಾಗಾಗಿ ಬಿಟ್ಟುಬಂದ ಊರೇ ಹೆಸರು. ನಾನು ಮಾಗಡಿ. ಅವರ ಪಕ್ಕದ ಮಿಷನ್ನಿನವನು ಗುಬ್ಬಿ. ಅವರು ಎಲ್ಲರಿಗಿಂತ ಹಿರಿಯರಾದ್ದರಿಂದ ಬರೀ ಹರಿಹರ ಅನ್ನದೆ ಹರಿಹರದೋರು ಅನ್ನುತ್ತಿದ್ದೆವು. ಅವರ ನಿಜವಾದ ಹೆಸರನ್ನು ನಾನು ಮೊದಲ ಸಲ ಓದಿದ್ದು ಬಹಳ ವರ್ಷಗಳ ಮೇಲೆ, ಆಸ್ಪತ್ರೆಯ ಚೀಟಿಯಲ್ಲಿ. ಯಾರೋ ಬೇರೆಯವರದ್ದು ಅನ್ನಿಸಿತು. ಅದಕ್ಕೇ ಇಲ್ಲೂ ಬರೆಯುವುದಿಲ್ಲ.

ಅವರು ಬಫಿಂಗ್ ಸೆಕ್ಷನ್ನಿನವರು, ಅಂದರೆ ಲೋಹಕ್ಕೆ ಹೊಳಪು ಕೊಡುವವರು. ಬಟ್ಟೆಯ ಚಕ್ರ ಜೋರಾಗಿ ತಿರುಗುತ್ತಿರುತ್ತದೆ. ಅದಕ್ಕೆ ಮೇಣದಂಥ ಒಂದು ಮಸಾಲೆ ಹಚ್ಚಿ, ಹಿಡಿಯನ್ನೋ ನಲ್ಲಿಯನ್ನೋ ಒತ್ತಿ ಹಿಡಿಯಬೇಕು. ಚಕ್ರದ ನೂಲು, ಮಸಾಲೆ, ಹಿತ್ತಾಳೆಯ ಪುಡಿ ಎಲ್ಲ ಸೇರಿ ಎದ್ದು ಮುಖಕ್ಕೇ ಬರುತ್ತದೆ. ಧೂಳು ಎಳೆದುಕೊಳ್ಳುವ ಕೊಳವೆಯೊಂದು ಗೋಡೆಯ ಮೇಲಿತ್ತು. ಅದರ ಮೋಟಾರು ಸುಟ್ಟುಹೋಗಿ ರಿಪೇರಿಗೆ ಹೋದದ್ದು ವಾಪಸು ಬರಲಿಲ್ಲ. ಅದರ ಬದಲು ಸಂಜೆ ಸೆಕ್ಷನ್ನಿನವರಿಗೆಲ್ಲ ಒಂದೊಂದು ತುಂಡು ಬೆಲ್ಲ ಕೊಡುತ್ತಿದ್ದರು. ಬೆಲ್ಲ ತಿಂದರೆ ಗಂಟಲಿನ ಧೂಳು ಇಳಿದುಹೋಗುತ್ತದೆ ಎಂಬುದು ಪೀಣ್ಯದಲ್ಲಿ ಮಾಲೀಕರೂ ಆಳುಗಳೂ ಒಪ್ಪಿದ ಒಂದೇ ಶಾಸ್ತ್ರ. ಹರಿಹರದೋರು ಆ ತುಂಡನ್ನು ಬಾಯಿಗೆ ಹಾಕಿಕೊಂಡು ಅನ್ನುತ್ತಿದ್ದರು, "ಮೋಟಾರಿಗಿಂತ ಬೆಲ್ಲ ಅಗ್ಗ ಕಣೋ ಮಾಗಡಿ. ಅದಕ್ಕೇ ಇಷ್ಟು ಸಿಹಿ."

ಬೆಳಿಗ್ಗೆ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬರುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಹಣೆ, ಮೂಗು, ಕಿವಿ ಎಲ್ಲ ಒಂದೇ ಬಣ್ಣ. ಈ ಅವತಾರದಲ್ಲಿ ಮನೆಗೆ ಹೋದರೆ ಹೆಂಡತಿ ಆಧಾರ್ ಕಾರ್ಡು ಕೇಳ್ತಾಳೆ ಎನ್ನುತ್ತಿದ್ದರು. ನಗಿಸುವ ಮಾತು ಆಡುತ್ತಿದ್ದರು, ಆದರೆ ಒಳ್ಳೆಯ ಮಾತು ಅವರ ಬಾಯಿಂದ ಬರುತ್ತಿದ್ದುದು ಕಡಿಮೆ. ಹೊಸಬರ ಕೆಲಸವನ್ನು ಎಲ್ಲರೆದುರೇ ಹಳಿಯುತ್ತಿದ್ದರು. ಗುಬ್ಬಿ ಮೊದಲ ವರ್ಷ ಅವರ ಕೈಕೆಳಗೆ ಕಲಿಯುವಾಗ ಎರಡು ಸಲ ಅತ್ತಿದ್ದನ್ನು ನಾನು ನೋಡಿದ್ದೇನೆ. ಮೂವತ್ತು ದಾಟಿದ, ಮದುವೆಯಾದ ಗಂಡಸು. ಅವನು ಅತ್ತರೆ ಇವರು, "ಕಣ್ಣೀರು ಬೀಳಿಸ್ಬೇಡ, ಕಲೆ ಆಗ್ತದೆ" ಎಂದು ಹಿಡಿಯನ್ನು ಕಿತ್ತುಕೊಂಡಿದ್ದರು.

ನಾನು ತಪಾಸಣೆ ಮೇಜಿನಲ್ಲಿ ಕೂರುವವನು. ಹೊಳಪು ಕೊಟ್ಟ ಸಾಮಾನನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡುವುದು ನನ್ನ ಕೆಲಸ. ಲೋಹದ ಮೇಲೆ ಬಿದ್ದ ಬೆಳಕಿನ ಗೆರೆ ನೇರವಾಗಿದ್ದರೆ ಪಾಸು, ಅಲುಗಿದರೆ ವಾಪಸು. ಅವರ ಕೈಯ ಹಿಡಿಯಲ್ಲಿ ಆ ಗೆರೆ ದಾರ ಕಟ್ಟಿದಂತೆ ಇರುತ್ತಿತ್ತು. ಅವರಿಗೆ ಎಲ್ಲಕ್ಕಿಂತ ಕೋಪ ಬರುತ್ತಿದ್ದುದು ಒಂದು ಕಳ್ಳ ಕೆಲಸಕ್ಕೆ. ಎರಕದಲ್ಲಿ ಕೆಲವು ಸಲ ಸೂಜಿಮೊನೆಯಷ್ಟು ತೂತು ಉಳಿದಿರುತ್ತದೆ. ಅದರೊಳಕ್ಕೆ ಮಸಾಲೆಯ ಮೇಣ ತಿಕ್ಕಿ ಮುಚ್ಚಿಬಿಟ್ಟರೆ ನನ್ನ ಕಣ್ಣಿಗೂ ಕಾಣುವುದಿಲ್ಲ. ನಲ್ಲಿ ಯಾರದೋ ಮನೆ ಸೇರಿ, ನೀರು ಬಿಟ್ಟ ಮೇಲೆ ತೊಟ್ಟಿಕ್ಕತೊಡಗುತ್ತದೆ. ಹಾಗೆ ಮಾಡಿದವನನ್ನು ಅವರು ಮಾತಾಡಿಸುತ್ತಲೇ ಇರಲಿಲ್ಲ.

ಕೆಮ್ಮು ಅವರಿಗೆ ಯಾವಾಗ ಶುರುವಾಯಿತೋ ಗೊತ್ತಿಲ್ಲ. ನಾನು ಸೇರಿದಾಗಲೇ ಇತ್ತು. ಬೆಳಿಗ್ಗೆ ಬಂದ ಕೂಡಲೇ ಕಾಂಪೌಂಡ್ ಗೋಡೆಯ ಹತ್ತಿರ ನಿಂತು ಕೆಮ್ಮಿ, ಕಫ ಉಗಿದು, ಕಣ್ಣೊರೆಸಿಕೊಂಡು ಒಳಗೆ ಬರುತ್ತಿದ್ದರು. ಅದಕ್ಕೆ ಅಂಗಡಿ ಗುಡಿಸೋದು ಎಂದು ಹೆಸರಿಟ್ಟಿದ್ದರು. ಅಂಗಡಿ ಗುಡಿಸುವುದು ವರ್ಷದಿಂದ ವರ್ಷಕ್ಕೆ ಉದ್ದವಾಯಿತು. ಕೊನೆಗೆ ಹೆಂಡತಿಯ ಒತ್ತಾಯಕ್ಕೆ ದಾಸರಹಳ್ಳಿಯ ಒಬ್ಬ ಡಾಕ್ಟರ ಹತ್ತಿರ ಹೋದರು. ಅವರು ಇದು ಕ್ರಾನಿಕ್ ಬ್ರಾಂಕೈಟಿಸ್, ಉಸಿರಿನ ಕೊಳವೆಗಳು ಬಾತುಕೊಂಡು ಕಫ ಕಟ್ಟುವ ಕಾಯಿಲೆ ಎಂದು ಹೇಳಿ, ಬಾಯಿಗೆ ಇಟ್ಟು ಒತ್ತಿಕೊಳ್ಳುವ ಒಂದು ಪಂಪು ಬರೆದುಕೊಟ್ಟರು.

ಮರುದಿನ ಅವರು ನನ್ನ ಮೇಜಿನ ಹತ್ತಿರ ಬಂದದ್ದು ನೆನಪಿದೆ. ಹೊಸ ಸೈಕಲ್ಲು ತೋರಿಸುವವರಂತೆ ಅಂಗಿಯ ಜೇಬಿನಿಂದ ಅದನ್ನು ತೆಗೆದು, "ಎರಡು ಸಲ ಒತ್ತಿದೆ ನೋಡು, ಬೀಗ ಹಾಕಿದ್ದ ಮನೇಲಿ ಕಿಟಕಿ ತೆಗೆದಂಗಾಯ್ತು" ಎಂದರು. ಅವತ್ತು ಒಂದು ಸಲವೂ ಕೂರದೆ ಕೆಲಸ ಮಾಡಿದರು. ಸಂಜೆ ಅವರ ಸಾಮಾನನ್ನು ಬೆಳಕಿಗೆ ಹಿಡಿದಾಗ ಗೆರೆ ಅಲುಗಿತು. ಇನ್ನೊಂದು ತೆಗೆದೆ, ಅದೂ ಅಲುಗಿತು. ನಾನು ಬಾಯಿ ಬಿಡುವ ಮೊದಲೇ ಅವರು ಬಂದು ಎರಡನ್ನೂ ಎತ್ತಿಕೊಂಡರು. ಕೈ ಚಾಚಿ ತೋರಿಸಿದರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಎದೆಯೊಳಗೆ ಹೊಲಿಗೆ ಮಿಷನ್ ಓಡಿದಂಗೆ ಓಡ್ತಿದೆ ಎಂದರು.

ಅವರು ಮತ್ತೆ ಡಾಕ್ಟರ ಹತ್ತಿರ ಹೋಗಿ ಕೇಳಿಕೊಂಡು ಬಂದರು. ಡಾಕ್ಟರು ತಾಳ್ಮೆಯಿಂದಲೇ ಹೇಳಿದ್ದರಂತೆ. ಈ ಔಷಧಿ ಕೊಳವೆಗಳ ಬಿಗಿ ಸಡಿಲಿಸುತ್ತದೆ, ಆದರೆ ಕೊಳವೆಯ ಬಾಗಿಲು ತಟ್ಟುವ ಕೈಯೇ ಹೃದಯದ ಬಾಗಿಲನ್ನೂ ತಟ್ಟುತ್ತದೆ, ಅದಕ್ಕೇ ಹೃದಯ ಓಡುವುದು, ಕೈ ನಡುಗುವುದು. ಗೂರಲು, ಅಂದರೆ ಅಸ್ತಮಾ ಇದ್ದವರಿಗೆ ಇದರಿಂದ ಬಾಗಿಲು ಪೂರ್ತಿ ತೆರೆಯಬಹುದು. ನಿಮ್ಮದು ಬಾಗಿಲೇ ಊದಿಕೊಂಡು ಕೂತಿದೆ, ಸ್ವಲ್ಪ ಸಂದಾಗುತ್ತದೆ ಅಷ್ಟೆ. ಹೇಳಿದಷ್ಟೇ ತಗೊಳ್ಳಿ, ಮೊದಲು ಧೂಳಿನಿಂದ ಆಚೆ ಬನ್ನಿ. ಕೊನೆಯ ಮಾತನ್ನು ಹರಿಹರದೋರು ಡಾಕ್ಟರ ದನಿಯಲ್ಲೇ ಅಣಕಿಸಿ ತೋರಿಸಿದರು. ಆಚೆ ಬಂದು ಎಲ್ಲಿಗೆ ಹೋಗಬೇಕು ಅಂತ ಬರೆದುಕೊಡಿ ಸಾರ್ ಎಂದು ಕೇಳಿದ್ದರಂತೆ.

ಆ ಹೊತ್ತಿಗೆ ಕಂಪನಿಗೆ ಹೊರದೇಶದ ಗಿರಾಕಿ ಸಿಕ್ಕಿದ. ಕೆಲಸಗಾರರ ಆರೋಗ್ಯ ಪ್ರತಿ ವರ್ಷ ನೋಡಿಸಬೇಕು ಎಂದು ಆತನ ಷರತ್ತು. ವರ್ಷಕ್ಕೊಮ್ಮೆ ಒಂದು ವ್ಯಾನು ಬಂದು ಗೇಟಿನೊಳಗೆ ನಿಲ್ಲತೊಡಗಿತು. ರಕ್ತ, ಕಣ್ಣು, ನಾಡಿ, ಆಮೇಲೆ ಊದುವ ಪರೀಕ್ಷೆ. ಮೂಗಿಗೆ ಕ್ಲಿಪ್ಪು ಹಾಕಿ, ಎದೆ ತುಂಬ ಉಸಿರೆಳೆದು, ಕೊಳವೆಯೊಳಕ್ಕೆ ಬಿರುಸಾಗಿ ಪೂರ್ತಿ ಊದಬೇಕು. ಊದುವುದರಲ್ಲಿ ಫೇಲಾದವರನ್ನು ಬಫಿಂಗಿನಿಂದ ತೆಗೆದು ಗೇಟಿನ ಕಾವಲಿಗೆ ಹಾಕುತ್ತಿದ್ದರು. ಅದು ಅವರ ಒಳ್ಳೆಯದಕ್ಕೇ ಎಂದು ಕಂಪನಿ ಹೇಳುತ್ತಿತ್ತು. ಆದರೆ ಮೊದಲ ವರ್ಷ ಗೇಟಿಗೆ ಹೋದ ಶಿರಾದವರು ಟೋಪಿ ಹಾಕಿಕೊಂಡು ಎದ್ದು ನಿಂತು ನಮಗೇ ಸಲ್ಯೂಟ್ ಹೊಡೆಯಬೇಕಾಯಿತು. ಹಬ್ಬಕ್ಕೆ ಊರಿಗೆ ಹೋದವರು ವಾಪಸು ಬರಲಿಲ್ಲ. ಅದನ್ನು ನೋಡಿದ ಮೇಲೆ ಸೆಕ್ಷನ್ನಿನಲ್ಲಿ ಯಾರಿಗೂ ಗೇಟು ಒಳ್ಳೆಯದಾಗಿ ಕಾಣಲಿಲ್ಲ.

ಹರಿಹರದೋರು ಮೊದಲ ವರ್ಷ ಪಾಸಾದದ್ದು ಆಕಸ್ಮಿಕವಾಗಿ. ವ್ಯಾನಿನ ಸರದಿಯಲ್ಲಿ ನಿಂತು ಉಸಿರು ಕಟ್ಟಿದಂತಾಗಿ, ಟಾಯ್ಲೆಟ್ಟಿಗೆ ಹೋಗಿ ಪಂಪು ಒತ್ತಿಕೊಂಡು ಬಂದಿದ್ದರು. ಅವರ ಚೀಟಿಯಲ್ಲಿ ನಾರ್ಮಲ್ ಎಂದು ಬಂತು. ಅವರು ಅದನ್ನು ಎರಡು ಸಲ ಓದಿ, ಎದೆ ಮುಟ್ಟಿ ನೋಡಿಕೊಂಡು, ನಕ್ಕರು. ಅರ್ಥವಾಗಿತ್ತು. ಮರುವರ್ಷದಿಂದ ಅದು ಸೆಕ್ಷನ್ನಿನ ಪದ್ಧತಿಯಾಯಿತು. ಕೆಮ್ಮು ಇದ್ದವರೆಲ್ಲ ಸರದಿ ಬರುವ ಸ್ವಲ್ಪ ಹೊತ್ತು ಮುಂಚೆ ಟಾಯ್ಲೆಟ್ಟಿಗೆ ಹೋಗುತ್ತಿದ್ದರು. ಒಂದೇ ಪಂಪು, ಅಂಗಿಯ ತುದಿಯಲ್ಲಿ ಬಾಯಿ ಒರೆಸಿ ಮುಂದಿನವನಿಗೆ. ಹೇಗೆ ಅಲುಗಾಡಿಸಬೇಕು, ಎಷ್ಟು ಹೊತ್ತು ಉಸಿರು ಹಿಡಿಯಬೇಕು ಎಂದು ಇವರು ಬಾಗಿಲಲ್ಲಿ ನಿಂತು ಹೇಳಿಕೊಡುತ್ತಿದ್ದರು. ಬಫಿಂಗ್ ಕಲಿಸುವಾಗ ಇಲ್ಲದ ಸಹನೆ ಆಗ ಎಲ್ಲಿಂದ ಬರುತ್ತಿತ್ತೋ. ಗುಬ್ಬಿಗೆ, ಬೆಳಿಗ್ಗೆ ಟೀ ಕುಡೀಬೇಡ, ಮೊದಲೇ ಎದೆ ಕುದುರೆ ಆಗಿರ್ತದೆ, ಟೀ ಕುಡಿದರೆ ಲಾಯ ಮುರಿದುಬಿಡ್ತದೆ ಎಂದಿದ್ದರು.

ವ್ಯಾನಿನ ಡಾಕ್ಟರು ನಾಡಿ ಹಿಡಿದು, ಯಾಕೆ ಇಷ್ಟು ಜೋರಾಗಿ ಓಡ್ತಿದೆ ಎಂದು ಕೇಳುತ್ತಿದ್ದರು. ನಿಮ್ಮನ್ನ ನೋಡಿ ಭಯ ಸಾರ್ ಎಂದು ಇವರು ಅಂದರೆ ಸರದಿಯಲ್ಲಿದ್ದವರೆಲ್ಲ ನಗುತ್ತಿದ್ದರು, ಡಾಕ್ಟರೂ ನಗುತ್ತಿದ್ದರು. ಬೆಳಿಗ್ಗೆ ಏನಾದರೂ ಔಷಧಿ ತಗೊಂಡಿದ್ದೀರಾ ಎಂಬ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲಿಲ್ಲ. ಹೀಗೆ ಅವರು ಪ್ರತಿ ವರ್ಷ ಪಾಸಾದರು. ಪಾಸಾಗಿ ಮತ್ತೆ ಅದೇ ಚಕ್ರದ ಮುಂದೆ ಹೋಗಿ ನಿಂತರು.

ಒಂದು ಸಲ ಕುಂದಲಹಳ್ಳಿಯ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಹಿಡಿಗಳು ಮಂಕಾಗಿವೆ ಎಂದು ದೂರು ಬಂತು. ಕಂಪನಿ ಅವರನ್ನೂ ನನ್ನನ್ನೂ ಕಳಿಸಿತು. ನಿವಾಸಿಗಳ ಲಿಫ್ಟಿಗೆ ನಮ್ಮನ್ನು ಬಿಡಲಿಲ್ಲ, ಸಾಮಾನಿನ ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತುತ್ತ ಅವರು ಮಾತು ನಿಲ್ಲಿಸಿದರು, ಆಮೇಲೆ ನಿಂತರು, ಆಮೇಲೆ ಕೂತುಬಿಟ್ಟರು. ಪಂಪು ಒತ್ತಿದರು. ಸಾಲದೆ ಮತ್ತೆ ಒತ್ತಿದರು. ಬಾಗಿಲು ತೆಗೆದ ಒಬ್ಬ ಹೆಂಗಸು ಇವರ ಹಣೆಯ ವಿಭೂತಿ ನೋಡಿ ಯಾವೂರು ಎಂದು ಕೇಳಿದರು. ಅವರದು ಧಾರವಾಡವಂತೆ. ಕುರ್ಚಿ ಹಾಕಿಸಿ, ನೀರು ಕೊಟ್ಟು, ತಮ್ಮ ತಂದೆಯನ್ನು ಮಾತಾಡಿಸುವಷ್ಟು ಪ್ರೀತಿಯಿಂದ ಮಾತಾಡಿಸಿದರು. ನಾವು ಕೆಲಸ ಮುಗಿಸಿ ಹೊರಡುವಾಗ, "ಅಜ್ಜಾರ, ಬೀಡಿ ಬಿಟ್ಟುಬಿಡ್ರಿ. ನಿಮ್ಮ ಜೀವ ನಿಮ್ಮ ಕೈಯಾಗ ಐತಿ" ಎಂದರು.

ಇವರು ಆಗಲಿ ತಾಯಿ ಎಂದು ಕೈ ಮುಗಿದರು. ಕೆಳಗೆ ಬಂದು ಗೇಟು ದಾಟಿದೆವು.

"ಸೇದಿದ್ರೆ ಬಿಡಬಹುದಿತ್ತು ಕಣೋ" ಎಂದರು. "ಬಿಡೋಕೂ ಏನೂ ಇಲ್ವಲ್ಲ ನನ್ನ ಹತ್ರ."

ಆ ಹೆಂಗಸಿನ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಬೈದವರನ್ನು ತಿರುಗಿ ಬೈಯುವುದು ಅವರಿಗೆ ಸುಲಭ. ಪ್ರೀತಿಯಿಂದ ತಪ್ಪು ಹೊರಿಸಿದವರಿಗೆ ಏನು ಹೇಳಬೇಕು ಎಂದು ಗೊತ್ತಿರಲಿಲ್ಲ. ಕೊರೋನಾ ಬಂದು ಹೋದ ಕಾಲದಲ್ಲಿ ಜಾಲಹಳ್ಳಿ ಕ್ರಾಸಿನಿಂದ ಬಸ್ಸು ಹತ್ತಿದರೆ ಅವರ ಒಂದು ಕೆಮ್ಮಿಗೆ ಅರ್ಧ ಬಸ್ಸು ಹಿಂದಕ್ಕೆ ಸರಿಯುತ್ತಿತ್ತು. ಸೀಟು ಬೇಕಾದವರು ನನ್ನನ್ನ ಬಾಡಿಗೆಗೆ ಕರ್ಕೊಂಡು ಹೋಗಿ ಎನ್ನುತ್ತಿದ್ದರು. ಅದು ಅವರಿಗೆ ಅವಮಾನವಾಗಿರಲಿಲ್ಲ. ಬೀಡಿಯ ಮಾತು ಬಂದಾಗ ಮಾತ್ರ ಮುಖ ಗಡುಸಾಗುತ್ತಿತ್ತು. ಅವರಪ್ಪ ಸೇದಿ ಸತ್ತವರಂತೆ. ಹನ್ನೆರಡನೇ ವಯಸ್ಸಿನಲ್ಲಿ ಅಪ್ಪನ ಹೆಣದ ಮುಂದೆ ಮುಟ್ಟುವುದಿಲ್ಲ ಎಂದು ಅವ್ವನಿಗೆ ಮಾತು ಕೊಟ್ಟು ಉಳಿಸಿಕೊಂಡಿದ್ದರು. ಅದೊಂದೇ ನಾನು ನೆಟ್ಟಗೆ ಮಾಡಿದ ಕೆಲಸ ಎನ್ನುತ್ತಿದ್ದರು.

ಆಮೇಲಿನ ಒಂದು ವರ್ಷ ವ್ಯಾನು ಬಂದಾಗ ಪಂಪು ಕೈಕೊಟ್ಟಿತು. ಟಾಯ್ಲೆಟ್ಟಿನಲ್ಲಿ ಎಷ್ಟು ಸಲ ಒತ್ತಿಕೊಂಡರೋ ಗೊತ್ತಿಲ್ಲ. ಕೊಳವೆಗೆ ಬಾಯಿಟ್ಟು ಊದಿದರು, ಕಣ್ಣು ಮೇಲಾಯಿತು, ಪಕ್ಕದಲ್ಲಿದ್ದ ಗುಬ್ಬಿ ಹಿಡಿದುಕೊಳ್ಳದಿದ್ದರೆ ಬೀಳುತ್ತಿದ್ದರು. ತುಟಿ ನೀಲಿಯಾಗಿತ್ತು. ವ್ಯಾನಿನ ಡಾಕ್ಟರು ಈ ಸಲ ನಗಲಿಲ್ಲ. ಬೂಟು ಬಿಚ್ಚಿಸಿ ನೋಡಿದರು, ಪಾದ ಬಾತುಕೊಂಡು ಲೇಸಿನ ಗುರುತು ಆಳವಾಗಿ ಕೂತಿತ್ತು. ಕೂಡಲೇ ದೊಡ್ಡಾಸ್ಪತ್ರೆಗೆ ಕಳಿಸಿದರು.

ದೊಡ್ಡಾಸ್ಪತ್ರೆಯಲ್ಲಿ ಅವರನ್ನು ನೋಡಿದ್ದು ಎದೆರೋಗದ ಒಬ್ಬ ಹೆಂಗಸು ಡಾಕ್ಟರು. ನಾನೂ ಜೊತೆಗಿದ್ದೆ. ಹೃದಯದ ಸ್ಕ್ಯಾನು ಮಾಡಿಸಿ, ಪರದೆ ತಿರುಗಿಸಿ ತೋರಿಸಿ, ನಮಗೆ ತಿಳಿಯುವಂತೆ ಹೇಳಿದರು. ಶ್ವಾಸಕೋಶ ಕೆಟ್ಟರೆ ಅದರೊಳಕ್ಕೆ ರಕ್ತ ತಳ್ಳುವ ಹೃದಯದ ಬಲಭಾಗ, ಗೋಡೆಗೆ ಹೆಗಲು ಕೊಟ್ಟು ತಳ್ಳಿದ ಹಾಗೆ ತಳ್ಳಬೇಕು. ತಳ್ಳಿ ತಳ್ಳಿ ದಪ್ಪವಾಗುತ್ತದೆ, ಕೊನೆಗೆ ಸೋಲುತ್ತದೆ, ಕಾಲಿಗೆ ನೀರಿಳಿಯುತ್ತದೆ. ಹರಿಹರದೋರು, ಹಾಗಾದರೆ ಈ ಪಂಪೇ ಹೃದಯ ತಿಂದಿತಾ ಎಂದು ಕೇಳಿದರು. ಡಾಕ್ಟರು ಇಲ್ಲ ಎಂದರು. ಹೇಳಿದಷ್ಟು ತಗೊಂಡರೆ ಅದು ಸಹಾಯವೇ. ಸುಸ್ತಾದ ಹೃದಯಕ್ಕೆ ಒಂದರ ಮೇಲೊಂದು ಒತ್ತಿದರೆ ಮಾತ್ರ ಚಾಟಿ ಹೊಡೆದು ಓಡಿಸಿದ ಹಾಗೆ. ನೀವು ಎಷ್ಟು ಒತ್ತುತ್ತಿದ್ದಿರಿ, ಯಾವಾಗ ಎಂದು ವಿಚಾರಿಸಿದರು. ಇವರು ವ್ಯಾನಿನ ಕಥೆ ಹೇಳಿದರು. ಆಕೆ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡಿದರು.

"ಔಷಧಿ ತಪ್ಪು ಮಾಡಿಲ್ಲ ಅಣ್ಣ" ಎಂದರು. "ಅದನ್ನ ತಗೊಂಡು ಮತ್ತೆ ಅದೇ ಧೂಳಿಗೆ ಹೋದ್ರಲ್ಲ."

ಹೊರಗೆ ಬಂದು ಮರದ ಕೆಳಗೆ ಕೂತೆವು. ಹರಿಹರದೋರು, "ತೂತಿಗೆ ಮೇಣ ತುಂಬಿ ಕಳಿಸ್ದೆ ನೋಡು" ಎಂದರು.

ಧೂಳಿನಿಂದ ಬಂದ ಕಾಯಿಲೆ ಎಂದು ಬರೆದುಕೊಡಿ ಎಂದು ಅವರು ಆ ಡಾಕ್ಟರನ್ನು ಕೇಳಿದ್ದರು. ಆಕೆ ಕೆಲಸದ ಧೂಳು ಕಾರಣ ಇರಬಹುದು ಎಂದು ಬರೆದರು. ಪೂರ್ತಿ ಹೇಳಬೇಕಾದರೆ ಹಿಂದಿನ ವರ್ಷಗಳ ಪರೀಕ್ಷೆಯ ಚೀಟಿಗಳು ಬೇಕು, ಪಂಪಿನ ಸಂಗತಿಯನ್ನು ಮಂಡಳಿಯ ಮುಂದೆ ನೀವೇ ಹೇಳಿ ಎಂದರು. ಮಂಡಳಿ ಎಂದರೆ ಕೆಲಸದಿಂದ ಕಾಯಿಲೆ ಬಂದಿದೆಯೇ ಎಂದು ತೀರ್ಮಾನಿಸುವ ಡಾಕ್ಟರುಗಳು. ಇರಬಹುದು ಎಂಬ ಪದ ಇವರಿಗೆ ಸಾಕಾಗಲಿಲ್ಲ. ನಾನು ಊರಿಗೆ ಹೋಗಿ ನನ್ನೋರಿಗೆ ಏನು ಹೇಳಲಿ, ಇರಬಹುದು ಅಂತ ಹೇಳಲಾ ಎಂದರು. ಪರಿಹಾರದ ವಿಷಯ ಹೆಂಡತಿ ಒಮ್ಮೆ ಎತ್ತಿದಾಗ, ಅದು ಬಂದರೆ ನಿನಗೆ, ಮಾತು ನನಗೆ ಎಂದಿದ್ದರು. ಕೆಲಸ ಬಿಟ್ಟರು. ಮಂಡಳಿಗೆ ಅರ್ಜಿ ಹಾಕಿದರು. ಕಂಪನಿಯವರು ಎಲ್ಲ ವರ್ಷಗಳ ಚೀಟಿಗಳನ್ನೂ ಕೇಳುವ ಮೊದಲೇ ಕಳಿಸಿಕೊಟ್ಟರು. ಕೊನೆಯದೊಂದು ಬಿಟ್ಟು ಎಲ್ಲದರಲ್ಲೂ ನಾರ್ಮಲ್.

ಮಂಡಳಿಯ ಮುಂದೆ ಹೋಗುವ ಹಿಂದಿನ ಸಂಜೆ ಗುಬ್ಬಿ ಅವರ ಮನೆಗೆ ಬಂದ. ನಾನು ಅಲ್ಲೇ ಇದ್ದೆ. ಹೆಗ್ಗನಹಳ್ಳಿಯಲ್ಲಿ ಎರಡೇ ಕೋಣೆಯ ಮನೆ, ಅವನು ಒಳಗೆ ಬರದೆ ಹೊಸ್ತಿಲ ಮೇಲೇ ಕೂತ. ಬಾಳೆಹಣ್ಣು ತಂದಿದ್ದ. ಊರಿನ ಮಳೆ, ಮಗಳ ಪಿಯುಸಿ ಎಂದು ಸುತ್ತಿ ಬಳಸಿ ಮಾತಾಡಿ ಕೊನೆಗೆ ಕೇಳಿದ.

"ಪಂಪಿನ ಇಸ್ಯ ಯೇಳ್ಬ್ಯಾಡಿ ಅರಿಹರದೋರೆ. ನೀವು ಎದ್ದು ಬಂದ್ರಿ. ನಾವಿನ್ನೂ ಅಲ್ಲೇ ಅದೀವಿ."

ಇವರು ಒಂದು ಬಾಳೆಹಣ್ಣು ಸುಲಿದು ಅವನಿಗೇ ಕೊಟ್ಟರು. ನನಗೆ ಉಸಿರೇ ಇಲ್ಲ, ಮಾತು ಎಲ್ಲಿಂದ ಬರಬೇಕು ಮಾರಾಯ ಎಂದರು. ಅದು ಹೇಳುತ್ತೇನೆ ಎಂದೋ ಹೇಳುವುದಿಲ್ಲ ಎಂದೋ ಅವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಮಂಡಳಿಯಲ್ಲಿ ಮೂರು ಜನ ಡಾಕ್ಟರುಗಳಿದ್ದರು. ಅವರೂ ಕೆಟ್ಟವರಲ್ಲ. ಇವರಿಗೆ ಕುರ್ಚಿ ಕೊಟ್ಟು, ಉಸಿರು ಸರಿಹೋಗುವವರೆಗೆ ಕಾದರು. ಚೀಟಿಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡಿದ್ದರು. ನಡುವಿನವರು ಹೇಳಿದರು, ಧೂಳಿನಿಂದ ಹೋಗುವ ಶ್ವಾಸಕೋಶ ವರ್ಷ ವರ್ಷವೂ ಸ್ವಲ್ಪ ಸ್ವಲ್ಪವೇ ಇಳಿಯುತ್ತ ಹೋಗುತ್ತದೆ. ನಿಮ್ಮದು ಹಿಂದಿನ ವರ್ಷದವರೆಗೂ ಚೆನ್ನಾಗಿದೆ, ಆಮೇಲೆ ಒಂದೇ ಸಲ ಬಿದ್ದಿದೆ.

"ಎಷ್ಟು ವರ್ಷ ಸೇದಿದ್ರಿ ಯಜಮಾನ್ರೇ?"

"ಸೇದಿಲ್ಲ."

"ಮತ್ತೆ ಧೂಳೇ ಕಾರಣ ಅಂದ್ರೆ ಈ ಚೀಟಿಗಳೆಲ್ಲ ಹೆಂಗೆ ಸರಿಯಾಗಿವೆ? ನೀವೇ ಹೇಳಿ."

ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅವರ ಬೆನ್ನು ಕಾಣುತ್ತಿತ್ತು. ಉಸಿರಿಗೆ ಹೆಗಲು ಏರಿ ಇಳಿಯುತ್ತಿತ್ತು. ಹೇಳಿಬಿಡಲಿ ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡೆ.

"ಗೊತ್ತಿಲ್ಲ ಸಾರ್" ಎಂದರು.

ಅರ್ಜಿ ತಿರಸ್ಕಾರವಾಯಿತು. ಹೊರಗೆ ಆಟೋ ಕಾಯುವಾಗ ಅವರು ಗುಬ್ಬಿಯನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಬೈಯಲು ಸಾಕಷ್ಟು ಉಸಿರಿಲ್ಲದೆ ನಡುನಡುವೆ ನಿಲ್ಲುತ್ತಿದ್ದರು, ಮತ್ತೆ ಶುರು ಮಾಡುತ್ತಿದ್ದರು. ನೀವು ದೊಡ್ಡ ಮನಸ್ಸು ಮಾಡಿದಿರಿ ಎಂದು ನಾನು ಸಮಾಧಾನಕ್ಕೆ ಹೇಳಿದ್ದೇ ತಪ್ಪಾಯಿತು.

"ದೊಡ್ಡ ಮನಸ್ಸಂತೆ. ಹೇಳಿದ್ರೆ ಮೋಸ ಮಾಡ್ದೋನು ಅಂತಾರೆ. ಹೇಳದಿದ್ರೆ ಬೀಡಿ ಸೇದ್ದೋನು ಅಂತಾರೆ. ಯಾವುದು ಒಳ್ಳೇದು, ನೀನೇ ಆರಿಸಿಕೊಡು."

ಅಷ್ಟರಲ್ಲಿ ಆಟೋ ಬಂತು, ಅವರನ್ನು ಹಿಡಿದು ಹತ್ತಿಸಿದೆ.

ಆಮೇಲೆ ಅವರು ಹೆಚ್ಚು ದಿನ ಇರಲಿಲ್ಲ. ಬಾಡಿಗೆಗೆ ತಂದ ಆಮ್ಲಜನಕದ ಮಿಷನ್ನು ಮಂಚದ ಪಕ್ಕ ಗುಂಯ್ ಎನ್ನುತ್ತಿತ್ತು. ಇದು ನನ್ನ ಹೊಸ ಪಕ್ಕದ ಮಿಷನ್ನಿನವನು, ಗುಬ್ಬಿಗಿಂತ ಮಾತು ಕಡಿಮೆ ಎನ್ನುತ್ತಿದ್ದರು. ಗುಬ್ಬಿ ಮಾತ್ರ ಆಮೇಲೆ ಬರಲಿಲ್ಲ. ಒಂದು ಬೆಳಿಗ್ಗೆ ಹೆಂಡತಿ ಗಂಜಿ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಾವಿನ ಕಾರಣ ಹೃದಯ ಎಂದು ಬರೆದರು. ಬರೆದದ್ದು ಸುಳ್ಳಲ್ಲ. ಆದರೆ ಹೃದಯ ಎಂದ ಮೇಲೆ ಶ್ವಾಸಕೋಶದ ಮಾತಿಲ್ಲ, ಶ್ವಾಸಕೋಶದ ಮಾತಿಲ್ಲ ಎಂದ ಮೇಲೆ ಧೂಳಿನ ಮಾತಿಲ್ಲ. ಕಂಪನಿಯಿಂದ ಒಂದು ಹಾರ ಬಂತು.

ಶಿವಗಣಾರಾಧನೆ ಕಳೆದ ಮರುದಿನ ಆಮ್ಲಜನಕದ ಮಿಷನ್ನನ್ನು ವಾಪಸು ಕೊಡಲು ನಾನು ಅವರ ಮನೆಗೆ ಹೋಗಿದ್ದೆ. ಹೆಂಡತಿ ಅದರ ಕೊಳವೆಗಳನ್ನು ಸುತ್ತಿ ಕಟ್ಟುತ್ತಿದ್ದರು. ಗಂಡನ ಔಷಧಿಗಳನ್ನೆಲ್ಲ ಒಂದು ಸ್ಟೀಲ್ ಡಬ್ಬಿಗೆ ಹಾಕಿ ಗೂಡಿನಲ್ಲಿಟ್ಟಿದ್ದರು. ಆಗ ಗುಬ್ಬಿ ಬಂದ. ಈ ಸಲವೂ ಹೊಸ್ತಿಲ ಮೇಲೇ ಕೂತ. ಮಣ್ಣಿಗೂ ಅವನು ಬಂದಿರಲಿಲ್ಲ. ಆಯಮ್ಮ ಏನೂ ಕೇಳದೆ ನೀರು ತಂದುಕೊಟ್ಟರು. ಅವನು ನೀರು ಕುಡಿಯುವಾಗ ಕೆಮ್ಮು ಬಂತು. ಬೇಗ ನಿಲ್ಲಲಿಲ್ಲ. ಆಯಮ್ಮ ಕೊಳವೆ ಸುತ್ತುವುದನ್ನು ಬಿಟ್ಟು ಅವನನ್ನೇ ನೋಡುತ್ತಿದ್ದರು. ಆ ಕೆಮ್ಮನ್ನು ಅವರು ಹಾಸಿಗೆಯ ಪಕ್ಕದಲ್ಲಿ ಎಷ್ಟು ವರ್ಷ ಕೇಳಿದ್ದರೋ.

ಕೆಮ್ಮು ನಿಂತ ಮೇಲೆ ಅವನು ತಲೆ ಬಗ್ಗಿಸಿಕೊಂಡು, ಮುಂದಿನ ಬುಧವಾರ ವ್ಯಾನು ಬರುತ್ತದೆ ಎಂದ. ಹರಿಹರದೋರ ಪಂಪು ಖಾಲಿಯಾಗದೆ ಉಳಿದಿದ್ದರೆ ಬೇಕಿತ್ತು, ಔಷಧಿ ಅಂಗಡಿಯಲ್ಲಿ ಈಗ ಡಾಕ್ಟರ ಚೀಟಿ ಕೇಳುತ್ತಾರೆ ಎಂದ. ನನ್ನ ಮೈ ಉರಿಯಿತು. ಎದ್ದು ಅವನನ್ನು ಆಚೆ ಕಳಿಸೋಣ ಎಂದುಕೊಂಡೆ. ಆಯಮ್ಮ ಕೈ ಅಡ್ಡ ಮಾಡಿ ನನ್ನನ್ನು ಕೂರಿಸಿದರು. ಡಬ್ಬಿ ತೆಗೆದುಕೊಂಡು ಬಂದು ಅವನೆದುರು ನೆಲದ ಮೇಲಿಟ್ಟು, ತಾವೂ ಕೂತರು. ಅವನು ಕೈ ಚಾಚಿದ. ಅವರು ಡಬ್ಬಿಯ ಮುಚ್ಚಳದ ಮೇಲೆ ಅಂಗೈ ಇಟ್ಟರು.

"ಉಳಿದಾವೆ. ಬುಧವಾರ ಊದೋದು ಮುಗಿಸ್ಕಂಡು ಬಾ. ನಾನೇ ಆ ಡಾಕ್ಟರಮ್ಮನ ಹತ್ರ ಕರ್ಕಂಡು ಹೋಗ್ತೀನಿ, ಅವರು ತಗೋ ಅಂದ್ರೆ ಎಲ್ಲಾ ನಿನಗೇ."

"ಮುಗುದ್ಮ್ಯಾಲೆ ಯಾಕಕ್ಕಾ?"

"ಮುಗಿಯೋಕೆ ಮುಂಚೆ ತಗಂಡವರನ್ನ ನೋಡಿದೀನಿ."

ಅವನು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ. ಗೇಟಿಗೆ ಹಾಕ್ತಾರೆ ಅಕ್ಕ ಎಂದು ಮೆಲ್ಲಗೆ ಹೇಳಿದ. ಹಾಕ್ಲಿ, ಗೇಟಲ್ಲಿ ಗಾಳಿಯಾದ್ರೂ ಬರ್ತದೆ ಎಂದರು ಆಯಮ್ಮ. ಅವನು ಎದ್ದು ಚಪ್ಪಲಿ ಹಾಕಿಕೊಂಡು ಹೋದ.

ಬುಧವಾರ ವ್ಯಾನು ಬಂತು. ನಾನು ತಪಾಸಣೆ ಮೇಜಿನಿಂದಲೇ ಸರದಿಯನ್ನು ನೋಡಿದೆ. ಗುಬ್ಬಿ ಟಾಯ್ಲೆಟ್ಟಿನಿಂದ ಬಾಯಿ ಒರೆಸಿಕೊಳ್ಳುತ್ತ ಬಂದು ಸರದಿಯಲ್ಲಿ ನಿಂತ. ಪಂಪು ಎಲ್ಲಿಂದ ತಂದನೋ, ನನ್ನ ಕಡೆ ನೋಡಲಿಲ್ಲ.

ಅದಾಗಿ ಒಂದು ಭಾನುವಾರ ನಾನು ಹೆಗ್ಗನಹಳ್ಳಿಗೆ ಹೋದಾಗ ಆಯಮ್ಮ ಬಾಗಿಲಲ್ಲೇ ಕೂತು ಅಕ್ಕಿ ಆರಿಸುತ್ತಿದ್ದರು. ಗುಬ್ಬಿ ಬಂದನಾ ಎಂದು ನಾನು ಕೇಳಲಿಲ್ಲ. ಬಂದಿಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು. ಮೊರವನ್ನು ಪಕ್ಕಕ್ಕಿಟ್ಟು ಅವರೇ ಕೇಳಿದರು.

"ಪಾಸಾದನಾ?"

ಹೌದು ಎಂದೆ.

"ಪಾಪ" ಎಂದರು.